ಒಂಚೂರು ನೋಡ್ತೀರಾ ಸಾರ್?

ಲಿಫ್ಟ್ ಹೆಲ್ಪರ್ ಪಿಳ್ಳಪ್ಪನನ್ನು ನಾನು ಫೇಲ್ ಮಾಡಿದೆ. ಐಟಿಐನಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಪಾಠ ಹೇಳಿ ನಿವೃತ್ತನಾದವನು ನಾನು. ಫೇಲ್ ಮಾಡುವುದು ನನಗೆ ಹೊಸದಲ್ಲ, ಅದಕ್ಕಾಗಿ ಒಂದು ದಿನವೂ ಊಟ ಬಿಟ್ಟವನಲ್ಲ. ಆದರೆ ಈ ವಿಷಯ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಪಿಳ್ಳಪ್ಪನಿಗೆ ನಲವತ್ತಾರು. ಅರೆಕೆರೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆತನ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು. ಜೆ.ಪಿ. ನಗರದ ಒಂದು ಲಿಫ್ಟ್ ಸರ್ವೀಸ್ ಕಂಪನಿಗೆ ಹೆಲ್ಪರ್ ಆಗಿ ಸೇರಿದವನು ಇಪ್ಪತ್ತೆರಡು ವರ್ಷ ಹೆಲ್ಪರ್ ಆಗಿಯೇ ಉಳಿದ. ಸರ್ಟಿಫಿಕೇಟ್ ಹಿಡಿದವರು ಬಂದರು, ಇವನ ಕೈಯಿಂದ ಸ್ಪ್ಯಾನರ್ ಇಸಿದುಕೊಂಡರು, ಮೆಕ್ಯಾನಿಕ್ ಅನ್ನಿಸಿಕೊಂಡರು, ಇನ್ನೂ ದೊಡ್ಡ ಕಂಪನಿಗೆ ಹೊರಟುಹೋದರು.

ಹೋದ ವರ್ಷ ಕಂಪನಿ ತನ್ನ ನಿಯಮ ಬದಲಾಯಿಸಿತು. ಇನ್ನು ಮೇಲೆ ಯಾರ ಸರ್ಟಿಫಿಕೇಟೂ ಕೇಳುವುದಿಲ್ಲ, ಕೆಲಸ ಬಂದರೆ ಸಾಕು. ನಿಜವಾದ ಕಂಪ್ಲೇಂಟ್ ಮೇಲೆ ಕಳಿಸಿ ಪರೀಕ್ಷೆ ಮಾಡುತ್ತೇವೆ, ಪಾಸಾದವರು ಮೆಕ್ಯಾನಿಕ್. ಕೇಳುವುದಕ್ಕೆ ಸೊಗಸಾಗಿತ್ತು. ಬಾಲದಲ್ಲಿ ಮಾತ್ರ ಇನ್ನೊಂದು ಮಾತಿತ್ತು: ಹೆಲ್ಪರ್ ಅನ್ನುವ ಹುದ್ದೆಯೇ ಇನ್ನಿಲ್ಲ. ಎರಡು ಸಲ ಅವಕಾಶ, ಆಮೇಲೆ ಮನೆಗೆ. ಪಿಳ್ಳಪ್ಪನ ಮಗಳು ಪ್ರಿಯಾಂಕಾ ಆಗ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ಪರೀಕ್ಷೆ ಮಾಡಲು ಹೊರಗಿನವರೇ ಬೇಕೆಂದು ಕಂಪನಿಯವರು ಶ್ರೀನಗರದಲ್ಲಿ ನನ್ನ ಮನೆ ಹುಡುಕಿಕೊಂಡು ಬಂದರು. ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು, ಒಪ್ಪಿಕೊಂಡೆ.

ಮೊದಲ ಪರೀಕ್ಷೆ ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ. ಲಿಫ್ಟು ಪ್ರತಿ ಮಹಡಿಯಲ್ಲೂ ಎರಡು ಇಂಚು ಕೆಳಗೆ ಹೋಗಿ ನಿಲ್ಲುತ್ತಿತ್ತು. ಪಿಳ್ಳಪ್ಪ ಎರಡು ಸಲ ಮೇಲೆ ಕೆಳಗೆ ಓಡಾಡಿಸಿದ. ಗೋಡೆಗೆ ಕೈಯಿಟ್ಟು ಸುಮ್ಮನೆ ನಿಂತ. ನಾನು ಪೆನ್ನು ಹಿಡಿದು ಕಾದೆ. ಕೊನೆಗೆ ತಲೆ ಕೆರೆದುಕೊಂಡು, “ಸಾರ್, ಟೆರೇಸ್ ಮೇಲೆ ಮೋಟ್ರು ಹತ್ರ ಬ್ರೇಕು ಒಂಚೂರು ನೋಡ್ತೀರಾ? ನಂಗೆ ಗೊತ್ತಾಗ್ತಿಲ್ಲ” ಅಂದ.

ಹತ್ತಿ ಹೋಗಿ ನೋಡಿದೆ. ಬ್ರೇಕಿನ ಲೈನಿಂಗ್ ಸವೆದು ಹೋಗಿತ್ತು. ಈ ವಯಸ್ಸಿನಲ್ಲೂ ನನ್ನ ಕಣ್ಣು ಎಷ್ಟು ಚುರುಕು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಫಾರಂನಲ್ಲಿ ‘ದೋಷ ಪತ್ತೆ’ ಅನ್ನುವ ಕಡೆ ಪಿಳ್ಳಪ್ಪನಿಗೆ ಸೊನ್ನೆ ಹಾಕಿದೆ. ಅವನು ವಾದ ಮಾಡಲಿಲ್ಲ. “ಆಯ್ತು ಸಾರ್” ಅಂದನಷ್ಟೆ.

ಸಂಜೆ ನರೇಂದ್ರ ಫೋನ್ ಮಾಡಿದ. ನನ್ನ ಹಳೆಯ ವಿದ್ಯಾರ್ಥಿ, ಅದೇ ಕಂಪನಿಯಲ್ಲಿ ಮೆಕ್ಯಾನಿಕ್. ನಾಲ್ಕು ವರ್ಷದಿಂದ ಪಿಳ್ಳಪ್ಪ ಅವನ ಹೆಲ್ಪರ್.

“ಪಿಳ್ಳಪ್ಪಣ್ಣನ್ನ ಫೇಲ್ ಮಾಡಿದ್ರಂತೆ ಸಾರ್?”

“ಬಾಯೇ ಬಿಡ್ಲಿಲ್ಲ ಕಣಯ್ಯ. ಬ್ರೇಕ್ ಹೋಗಿರೋದನ್ನ ನಾನೇ ಕಂಡುಹಿಡೀಬೇಕಾಯ್ತು.”

“ಬ್ರೇಕ್ ಒಂಚೂರು ನೋಡ್ತೀರಾ ಅಂದ್ರಾ?”

“ಹೂಂ.”

“ಅದೇ ಸಾರ್ ಅವ್ರು ಹೇಳೋ ರೀತಿ! ಶುರುನಲ್ಲಿ ಒಂದ್ಸಲ ಬಿಲ್ಡಿಂಗ್ ಓನರ್ ಎದುರಿಗೇ ಮೆಕ್ಯಾನಿಕ್ಕಿಗೆ, ‘ಫಾಲ್ಟು ಅದಲ್ಲಣ್ಣ, ಇದು’ ಅಂದ್ಬಿಟ್ರಂತೆ. ಆ ಮೆಕ್ಯಾನಿಕ್ಕು ಮೂರು ತಿಂಗಳು ಇವ್ರನ್ನ ಕೆಲಸಕ್ಕೇ ಕರೀಲಿಲ್ವಂತೆ. ಅವತ್ತಿಂದ ಬರೀ ಕೇಳ್ತಾರೆ, ಹೇಳಲ್ಲ. ಎರಡು ವರ್ಷ ಎಲ್ಲಾ ಫಾಲ್ಟೂ ನಾನೇ ಹಿಡೀತಿದೀನಿ ಅಂದ್ಕೊಂಡಿದ್ದೆ ಸಾರ್ ನಾನೂ.”

ನಾನು ಫೋನ್ ಕೆಳಗಿಟ್ಟೆ. ಫಾರಂ ಆಗಲೇ ಕಂಪನಿ ಸೇರಿತ್ತು. ಮೂವತ್ತೊಂದು ವರ್ಷ ಪಾಠ ಹೇಳಿದವನಿಗೆ ಉತ್ತರ ಯಾವುದು, ಪ್ರಶ್ನೆ ಯಾವುದು ಅಂತ ತಿಳಿಯಲಿಲ್ಲವಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು.

ಎರಡನೇ ಪರೀಕ್ಷೆ, ಅಂದರೆ ಕೊನೆಯದು, ಜಯನಗರದ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ. ಲಿಫ್ಟು ಅಲ್ಲಾಡುತ್ತಿರಲಿಲ್ಲ. “ಈ ಸಲ ಕೇಳ್ಬೇಡಪ್ಪ, ಹೇಳು” ಅಂತ ಮೊದಲೇ ಎಚ್ಚರಿಸಿದ್ದೆ. “ಹೂಂ ಸಾರ್” ಅಂದಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಹೆದರಿಕೆಯಿಂದ ಕಲಿತ ಗುಣವೂ ಅಷ್ಟೇ. ನಾಲ್ಕೂ ಮಹಡಿ ಹತ್ತಿಳಿದು ಬಂದು, “ಸಾರ್, ಎರಡನೇ ಮಹಡಿ ಬಾಗಿಲು ಒಂಚೂರು ನೋಡ್ತೀರಾ?” ಅಂದ.

“ನೋಡಲ್ಲ” ಅಂದೆ. “ಕಂಟ್ರೋಲರ್ ಕಾರ್ಡ್ ಸುಟ್ಟಿದೆ. ಹಾಗಂತಲೇ ಬರೀತೀನಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಬೇಕೆಂದೇ ತಪ್ಪು ಹೇಳಿದ್ದೆ. ಪಿಳ್ಳಪ್ಪನ ಮುಖ ಬಾಡಿತು. ನಾನು ಬರೆಯತೊಡಗಿದೆ. ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ: ಹೇಳೋ ಮಾರಾಯ, ಇಲ್ಲ ಅನ್ನು!

ಅಷ್ಟರಲ್ಲಿ ನಾಲ್ಕನೇ ಮಹಡಿಯ ಅಮ್ಮಣ್ಣಿ ಎಂಬ ವೃದ್ಧೆ ತರಕಾರಿ ಚೀಲ ಹಿಡಿದು ಬಂದರು. ಮಂಡಿಗೆ ಪಟ್ಟಿ ಕಟ್ಟಿದ್ದರು. “ಯಾವಾಗಪ್ಪಾ ಸರಿಹೋಗೋದು?”

“ಹೊಸ ಕಾರ್ಡ್ ಬರ್ಬೇಕಮ್ಮ. ಹದಿನೈದು ದಿನ” ಅಂದೆ.

ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು. ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿದರು, ಸುಧಾರಿಸಿಕೊಂಡು ಇನ್ನೊಂದು. ಮೂರನೆಯದಕ್ಕೆ ಕಾಲಿಡುವಾಗ ಪಿಳ್ಳಪ್ಪ ಕೂಗಿದ.

“ಅಮ್ಮಾ, ಹತ್ಬೇಡಿ. ಕಾರ್ಡ್ ಚೆನ್ನಾಗೇ ಐತೆ. ಸಾರ್ ಹೇಳಿದ್ದು ತಪ್ಪು. ಎರಡನೇ ಮಹಡಿ ಬಾಗಿಲು ಜೋತೈತೆ, ಲಾಕು ಕೂರ್ತಿಲ್ಲ, ಅದಕ್ಕೇ ಲಿಫ್ಟು ಏಳ್ತಿಲ್ಲ. ಕಾಲು ಗಂಟೆ ಟೈಮ್ ಕೊಡಿ.”

ಅಮ್ಮಣ್ಣಿ ಅವನನ್ನು ನೋಡಿದರು, ಇಸ್ತ್ರಿ ಅಂಗಿ ಹಾಕಿದ್ದ ನನ್ನನ್ನು ನೋಡಿದರು.

“ನಿಮ್ಮಿಬ್ರಲ್ಲಿ ಮೆಕ್ಯಾನಿಕ್ ಯಾರಪ್ಪಾ?”

ಅಭ್ಯಾಸಬಲದಿಂದ ಅವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ತಿರುಗಿಕೊಂಡೆ.

“ನಾನೇ ಅಮ್ಮಾ” ಅಂದ ಪಿಳ್ಳಪ್ಪ. ಆಮೇಲೆ ನನಗೆ, “ಸಾರ್, ನೀವು ಮೇಲೆ ಬಂದು ಬಾಗಿಲು ಹಿಡ್ಕೊಳಿ.”

ಹೋಗಿ ಹಿಡಿದುಕೊಂಡೆ.