ನನ್ನ ವಸಡು ಸುಟ್ಟ ಡಾಕ್ಟರಮ್ಮ

ಬಿಪಿ ಮಾತ್ರೆ ನುಂಗಿದರೆ ವಸಡು ಬೆಳೆಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಬೆಳೆಯುವುದಿಲ್ಲವಂತೆ, ಕೆಲವರಿಗೆ ಮಾತ್ರ. ಆ ಕೆಲವರಲ್ಲಿ ನಾನಿಲ್ಲದೆ ಇರುತ್ತೇನೆಯೇ? ಮೇಲಿನ ಹಲ್ಲುಗಳು ಅರ್ಧ ಮುಚ್ಚಿಹೋಗಿ, ಉಜ್ಜಿದರೆ ರಕ್ತ ಬರುತ್ತಿತ್ತು. ಹೀಗೇ ಬಿಟ್ಟರೆ ಹಲ್ಲು ಅಲ್ಲಾಡುತ್ತವೆ ಎಂದು ಬಿಪಿ ನೋಡುವ ಡಾಕ್ಟರು ಹೆದರಿಸಿ, ಮಾತ್ರೆ ಬದಲಾಯಿಸಿ, ನಮ್ಮ ಕುವೆಂಪುನಗರದಲ್ಲೇ ಇರುವ ಹಲ್ಲಿನ ಕ್ಲಿನಿಕ್ಕಿಗೆ ಕಳಿಸಿದರು. ಅಲ್ಲಿ ಲೇಸರಿನಲ್ಲಿ ಮಾಡುತ್ತಾರೆ, ಹೊಲಿಗೆ ಇಲ್ಲ, ರಕ್ತವೂ ಕಮ್ಮಿ ಎಂದರು.

ಯಜಮಾನರು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಕುರ್ಚಿಯಲ್ಲಿ ಮಲಗಿಸಿ ಆಯಿತು. ಒಳಗೆ ಬಂದ ಡಾಕ್ಟರಮ್ಮ ಮಾಸ್ಕು ಇಳಿಸಿ ನಮಸ್ಕಾರ ಎಂದಾಗ ನನಗೆ ಮುಖದ ಗುರುತು ಸಿಕ್ಕಿತು.

ನಾಲ್ಕು ವರ್ಷದ ಹಿಂದೆ ಇದೇ ಹುಡುಗಿ ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದಿದ್ದಳು. ಆಗಿನ್ನೂ ಓದು ಮುಗಿಸಿದ ಹೊಸತು. ಮನೆ ತುಂಬ ಹಿಡಿಸಿತ್ತು ಅವಳಿಗೆ. ನಾನು ಕಾಫಿ ಕೊಟ್ಟು, ಊರು ಕೇಳಿ, ಹೊಲ ಗದ್ದೆ ಕೇಳಿ, ಕೊನೆಗೆ ಮಾಂಸ ಮಾಡುತ್ತೀರಾ ಎಂದು ಕೇಳಿದ್ದೆ.

"ಭಾನುವಾರ ಮಾತ್ರ ಆಂಟಿ," ಎಂದಿದ್ದಳು. ಸುಳ್ಳು ಹೇಳಬಹುದಿತ್ತು, ಪಾಪ, ಹೇಳಲಿಲ್ಲ.

ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ, ದಿನಾ ಲಿಂಗಪೂಜೆ ಆಗಬೇಕು. "ಬೇಜಾರು ಮಾಡ್ಕೋಬೇಡ ಕಣಮ್ಮ, ಆ ವಾಸ್ನೆ ನಮ್ಗಾಗಲ್ಲ," ಎಂದು ಕಳಿಸಿಬಿಟ್ಟೆ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದಳು. ಆಮೇಲೆ ಬಂದ ಸಸ್ಯಾಹಾರಿಗಳು ಯಾರೂ ವರ್ಷ ತುಂಬ ನಿಲ್ಲಲಿಲ್ಲ. ಅವರಿಗೆ ನನ್ನ ಬಾಯಿ ಆಗಲಿಲ್ಲ ಎನ್ನುತ್ತಾರೆ ಯಜಮಾನರು.

ಈಗ ಲೇಸರು ಅವಳ ಕೈಯಲ್ಲಿ, ಬಾಯಿ ತೆರೆದುಕೊಂಡವಳು ನಾನು. ಗುರುತು ಹಿಡಿದರೆ ಏನು ಗತಿ? ಎದ್ದು ಓಡೋಣವೆಂದರೆ ಹಲ್ಲಿನ ಆಸೆ. ಸೆರಗನ್ನು ಕೆನ್ನೆಯವರೆಗೂ ಎಳೆದುಕೊಂಡೆ. ಹಲ್ಲು ತೋರಿಸಲು ಬಂದವಳು ಎಷ್ಟು ಅಂತ ಮುಖ ಮುಚ್ಚಿಕೊಳ್ಳುವುದು, ನೀವೇ ಹೇಳಿ. ಪುಣ್ಯಕ್ಕೆ ಕಪ್ಪು ಕನ್ನಡಕ ಹಾಕಿದರು. ಲೇಸರು ಕಣ್ಣಿಗೆ ಬೀಳಬಾರದೆಂದು ಕೋಣೆಯಲ್ಲಿದ್ದವರೆಲ್ಲ ಹಾಕಿಕೊಳ್ಳಬೇಕಂತೆ. ಯಜಮಾನರಿಗೂ ಒಂದು ಸಿಕ್ಕಿತು. ಅದನ್ನು ಹಾಕಿಕೊಂಡು ಗೋಡೆಯ ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡರು. ಎಪ್ಪತ್ತು ವರ್ಷಕ್ಕೆ ಶೋಕಿ.

ಸೂಜಿ ಚುಚ್ಚಿದ ಮೇಲೆ ತುಟಿ ಮರಗಟ್ಟಿತು. ಲೇಸರೆಂದರೆ ಏನೇನೋ ಕಲ್ಪಿಸಿಕೊಂಡಿದ್ದೆ. ನೋಡಿದರೆ ಪೆನ್ನಿನಂಥ ವಸ್ತು, ತುದಿಯಲ್ಲಿ ಒಂದು ಸಣ್ಣ ಎಳೆ. ಕುಂಯ್ ಕುಂಯ್ ಎನ್ನುತ್ತ ವಸಡನ್ನು ಕೊರೆಯತೊಡಗಿತು. ನೋವೇನೂ ಇರಲಿಲ್ಲ. ಆದರೆ ವಾಸನೆ ಶುರುವಾಯಿತು.

ಯಜಮಾನರು ಮೂಗು ಅರಳಿಸಿದರು. "ಕೆಳಗಡೆ ಬಿರಿಯಾನಿ ಹೋಟ್ಲು ಏನಾದ್ರೂ ಬಂದ್ಬುಟ್ಟಿದ್ಯಾ ಡಾಕ್ಟ್ರೇ? ಮಾಂಸ ಸುಟ್ಟಂಗೆ ವಾಸ್ನೆ."

"ಇಲ್ಲ ಅಂಕಲ್. ಅದು ಆಂಟಿಯವ್ರ ವಸಡು."

ಮಾಂಸ ಸುಟ್ಟ ವಾಸನೆ ನಿಮಗೆ ಹೇಗೆ ಗೊತ್ತು ಎಂದು ಅವರನ್ನು ಕೇಳಬೇಕಿತ್ತು, ಬಾಯಿ ಖಾಲಿ ಇರಲಿಲ್ಲ. ಲಿಂಗ ಕಟ್ಟಿಕೊಂಡ ಮೈ ನನ್ನದು, ನನ್ನ ಬಾಯಲ್ಲಿ ನನ್ನದೇ ಮಾಂಸ ಬೇಯುತ್ತಿತ್ತು. ಶಿವನೇ ಎಂದುಕೊಂಡೆ.

"ನಿಮ್ಮನ್ನ ಬಾಗ್ಲಲ್ಲೇ ಗುರುತು ಹಿಡಿದೆ ಆಂಟಿ," ಎಂದಳು ಡಾಕ್ಟರಮ್ಮ, ಕೈ ನಿಲ್ಲಿಸದೆ. "ಮಹಡಿ ಮನೇಲಿ ಈಗ ಯಾರಿದ್ದಾರೆ?"

"ಆ," ಎಂದೆ.

"ಖಾಲೀನಾ?"

"ಆ."

ಅವಳು ಮುಂದಿನ ಹಲ್ಲಿಗೆ ಹೋದಳು. ಕೈ ಮಾತ್ರ ಹೂವು ಬಿಡಿಸುವಷ್ಟು ಹಗುರ. ಬೈದಿದ್ದರೆ ವಾಸಿಯಿತ್ತು. ಅಷ್ಟು ಜೋಪಾನವಾಗಿ ಕೆಲಸ ಮಾಡುವವಳನ್ನು ನೋಡುತ್ತ ನನಗೆ ನಾಚಿಕೆಯಾಯಿತು.

ಬಲಪಕ್ಕ ಮುಗಿಯಿತು, ಎಡಪಕ್ಕಕ್ಕೆ ಮುಂದಿನ ವಾರ ಬರಬೇಕು ಎಂದಳು. ಇನ್ನೂ ಒಂದು ವಾರ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವುದು ನನ್ನಿಂದಾಗದು. ಎದ್ದು ಕೂತೆ.

"ಅವತ್ತು ತಪ್ಪಾಯ್ತು ಕಣಮ್ಮ. ಮನೆ ಖಾಲಿ ಇದೆ, ನೀನೇ ಬಂದ್ಬುಡು. ಭಾನುವಾರ ಏನ್ ಬೇಕಾದ್ರೂ ಮಾಡ್ಕೋ." ಅರ್ಧ ಮಾತು ಜೊಲ್ಲಾಗಿ ಸೆರಗಿನ ಮೇಲೆ ಸುರಿಯಿತು. ಆದರೂ ಅವಳಿಗೆ ಅರ್ಥವಾಯಿತು.

ಕೈಗವಸು ತೆಗೆಯುತ್ತ ಹೇಳಿದಳು: "ಬೇಡ ಆಂಟಿ. ರಾಮಕೃಷ್ಣನಗರದಲ್ಲಿ ಸ್ವಂತ ಮನೆ ಆಯ್ತು. ನಮ್ದೂ ಮಹಡಿ ಮನೆ ಖಾಲಿ ಇದೆ, ಯಾರಾದ್ರೂ ಒಳ್ಳೆಯವರಿದ್ರೆ ಹೇಳಿ. ಸಸ್ಯಾಹಾರಿಗಳಾದ್ರೂ ಪರ್ವಾಗಿಲ್ಲ."

ಯಜಮಾನರು ಜೋರಾಗಿ ನಕ್ಕರು. ಅವಳು ನಗಲಿಲ್ಲ. ನಾನು ಹೂಂ ಎಂದು ತಲೆಯಾಡಿಸಿ, ಕುರ್ಚಿಯಿಂದಿಳಿದು ಚಪ್ಪಲಿ ಹುಡುಕಿದೆ.