ಅಮಾವಾಸ್ಯೆಗೆ ಕಾಡಿಗೆ ಬಳಿದ ನೀಲಮ್ಮತ್ತೆ

ನನ್ನ ಸೋದರತ್ತೆ ನೀಲಮ್ಮತ್ತೆಯ ಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯೇ ಇರುತ್ತಿರಲಿಲ್ಲ. ತಿಂಗಳ ಹಾಳೆ ತಿರುವಿದ ಕೂಡಲೇ ಆ ಚೌಕದ ಮೇಲೆ ಬೆರಳಿನಿಂದ ಕಾಡಿಗೆ ಬಳಿದುಬಿಡುತ್ತಿದ್ದಳು. ಕಮಲಾಪುರದ ಅವಳ ಓಣಿಯಲ್ಲಿ ಅಮಾವಾಸ್ಯೆಯ ದಿನ ಯಾರೂ ಹೊಲದ ಕೆಲಸ ಮುಟ್ಟುವುದಿಲ್ಲ. ಅತ್ತೆ ಮಾತ್ರ ಅಂದೂ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ದಾಳಿಂಬೆ ತೋಟಕ್ಕೆ ನೀರು ಬಿಡುತ್ತಿದ್ದಳು. ಕೇಳಿದವರಿಗೆ ಒಂದೇ ಉತ್ತರ: “ಅಮಾಸಿ ನಿಮಗದ. ಗಿಡಕ್ಕೇನು ಗೊತ್ತದ?”

ಬೆಳೆಯುವ ಹಣ್ಣು ಗಿಡದಲ್ಲಿ ಒಡೆಯಬಾರದು, ಅದೊಂದೇ ಅವಳ ಹಟ. ಗಂಡ ತೀರಿಕೊಂಡ ವರ್ಷ ಹಣ್ಣು ಬಿರಿದಿದ್ದೇ ನೆಪವಾಗಿ, ಗಿಡ ಕಿತ್ತು ತೊಗರಿ ಬಿತ್ತೋಣ ಎಂದು ಮೈದುನ ಶರಣಪ್ಪ ಮಾವ ಬೆನ್ನು ಹತ್ತಿದ್ದ. ಇವಳು ಕೇಳುವವಳೇ? ಅವನದೇ ಕಣದಿಂದ ತೊಗರಿ ಹೊಟ್ಟು ಹೊತ್ತು ತಂದು, ನೆಲ ಆರದಿರಲೆಂದು ಗಿಡಗಳ ಬುಡಕ್ಕೆ ಹಾಸಿದಳು. ನೀರು ಮಾತ್ರ ದಿನಾ ಅಷ್ಟಷ್ಟೇ, ಅಳತೆ ತಪ್ಪದೆ.

ಅವಳ ಕಣ್ಣಿನ ಆಪರೇಷನ್ ಕಲಬುರಗಿಯಲ್ಲಾಯಿತು. ಅಲ್ಲೇ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಅವಳನ್ನು ಬಿಟ್ಟು, ನಾನು ಕಲಿಸುವ ಶಾಲೆಗೆ ರಜೆ ಹಾಕಿ, ತೋಟ ನೋಡಲು ನಾನೇ ಹೋದೆ. ಅಷ್ಟರಲ್ಲಿ ಅಮಾವಾಸ್ಯೆ ಬಂತು. “ಬ್ಯಾಡ ಸವಿತಾ, ಮನೀಗಿ ಒಳ್ಳೇದಲ್ಲ,” ಎಂದ ಮಾವ. ಹೆದರಿ ನೀರು ಬಿಡಲಿಲ್ಲ. ಮರುದಿನ ಕರಿ, ಅಮಾವಾಸ್ಯೆಯ ಮಾರನೆಯ ಆ ದಿನವೂ ಅಶುಭ ಎಂದ, ಅದಕ್ಕೂ ತಲೆಯಾಡಿಸಿದೆ. ಮೂರನೆಯ ದಿನ, ಎರಡು ದಿನದ ಬಾಕಿಯೂ ತೀರಲೆಂದು ಬೆಳಗಿನಿಂದ ಸಂಜೆಯವರೆಗೆ ನೀರು ಬಿಟ್ಟೆ. ವಾರದೊಳಗೆ ಅರ್ಧ ತೋಟದ ಹಣ್ಣು ಬಾಯಿ ಬಿಟ್ಟಿತು.

ಅತ್ತೆ ಕರಿ ಕನ್ನಡಕ ಹಾಕಿಕೊಂಡು ಬಂದು ಒಂದೊಂದು ಹಣ್ಣನ್ನೂ ಬೆರಳಿನಿಂದ ಸವರಿದಳು. “ಎರಡು ದಿನ ಉಪಾಸ ಕೆಡವಿ ಮೂರನೇ ದಿನ ತುರುಕಿದ್ರ ಯಾರ ಹೊಟ್ಟಿ ತಡೀತದ?” ಎಂದಳು. ನನಗೆ ಅಳು ಬರುವಷ್ಟು ನಾಚಿಕೆಯಾಯಿತು.

“ಇನ್ನ ಕೀಳೂದೇ ಛಲೋ ವೈನಿ,” ಎಂದ ಮಾವ.

“ತಪ್ಪು ಹುಡುಗಿ ಮಾಡ್ಯಾಳ, ಗಿಡ ಮಾಡಿಲ್ಲ. ಮುಂದಿನ ಫಸಲು ನೋಡಿ ಮಾತಾಡು. ಅಲ್ಲೀತನ ನಿನ್ನ ಗುದ್ದಲಿ ನಿನ್ನ ಮನ್ಯಾಗಿರ್ಲಿ.”

ಮುಂದಿನ ಫಸಲಿನಲ್ಲಿ ಒಡೆದ ಹಣ್ಣು ಹುಡುಕಿದರೂ ಸಿಗಲಿಲ್ಲ. ಮೊದಲ ಬುಟ್ಟಿಯನ್ನು ಅವಳು ಕಳಿಸಿದ್ದು ಮಾವನ ಮನೆಗೇ.

ಕಳೆದ ವರ್ಷ ಅವಳು ಹೋದಾಗ ಗಿಡದಲ್ಲಿ ಹಣ್ಣು ಅರ್ಧ ಬಲಿತಿತ್ತು. ಮಣ್ಣು ಮಾಡಿ ಬಂದ ಮರುದಿನವೇ ಅಮಾವಾಸ್ಯೆ. ನಾನು ತೋಟಕ್ಕೆ ಹೊರಟಾಗ ಮಾವ ಬಾಗಿಲಲ್ಲಿ ಅಡ್ಡ ನಿಂತ. “ಸತ್ತ ಮನಿ, ಮ್ಯಾಲ ಅಮಾಸಿ. ಇವತ್ತರ ಬಿಡು ಸವಿತಾ. ಇನ್ನ ಆ ತೋಟ ಯಾರಿಗಿ ಬೇಕಾಗ್ಯದ?”

ಒಳಗೆ ಹೋಗಿ ಕ್ಯಾಲೆಂಡರ್ ತೆಗೆದು ಹಾಳೆ ತಿರುವಿದೆ. ಹಾಸಿಗೆ ಹಿಡಿದಾಗಲೇ ಅತ್ತೆ ವರ್ಷದ ಕೊನೆಯವರೆಗಿನ ಎಲ್ಲ ಅಮಾವಾಸ್ಯೆಗೂ ಕಾಡಿಗೆ ಬಳಿದಿಟ್ಟಿದ್ದಳು. ಅದನ್ನು ತಂದು ಮಾವನ ಕೈಗೆ ಕೊಟ್ಟೆ.

“ನೀವೇ ನೋಡ್ರಿ ಮಾವ, ಇದರಾಗ ಅಮಾಸಿ ಎಲ್ಲ್ಯದ?” ಎಂದು ಕೇಳಿ, ಹೋಗಿ ನೀರು ಬಿಟ್ಟೆ.