ಅಂಗೈಯಲ್ಲಿಟ್ಟ ಗುಳಿಗೆ

ಕುಡಿತ ಬಿಡಿಸುವುದೆಂದರೆ ಬೈಯುವುದು, ಇಲ್ಲವೇ ಆಣೆ ಹಾಕಿಸುವುದು ಎಂದೇ ತಿಳಿದಿದ್ದ ನಮ್ಮ ನಿಪ್ಪಾಣಿ-ಕಾಗವಾಡದ ಸೀಮೆಯಲ್ಲಿ, ಎದುರಿಗೆ ಕೂಡಿಸಿಕೊಂಡು ಕೇಳುವುದೂ ಒಂದು ಚಿಕಿತ್ಸೆಯೆಂದು ತೋರಿಸಿಕೊಟ್ಟವರು ಆಪ್ತಸಮಾಲೋಚಕಿ ಶ್ರೀಮತಿ ಜಿನಮತಿ ಮಗದುಮ್ಮ ಅವರು. ನಮಗೆಲ್ಲ ಅವರು ಅಕ್ಕಾರು. ನಿಪ್ಪಾಣಿಯಲ್ಲಿ ಮಿಶ್ರಿಯೆಂಬ ಸುಟ್ಟ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕುವ ಹೆಣ್ಣುಮಕ್ಕಳ ನಡುವೆ ಸೇವೆ ಆರಂಭಿಸಿ, ಅಥಣಿಯಲ್ಲಿ ಕೆಲವು ವರ್ಷ ದುಡಿದು, ಈಗ ರಾಯಬಾಗದ ವ್ಯಸನಮುಕ್ತಿ ಕೇಂದ್ರದಿಂದ ನಿವೃತ್ತರಾಗುತ್ತಿರುವ ಅವರು ಯಾರಿಂದಲೂ ಆಣೆ ಮಾಡಿಸಿದವರಲ್ಲ. ಆಣೆ ಮುರಿದವನು ನಾಚಿಕೆಯಿಂದ ನಮ್ಮ ಬಾಗಿಲಿಗೇ ಬರುವುದಿಲ್ಲ ಎಂಬುದು ಅವರ ವಾದ.

ನಮ್ಮ ಕಡೆಯ ಹೆಂಡತಿಯರಿಗೆ ಇನ್ನೊಂದು ಉಪಾಯವೂ ಗೊತ್ತು: ಗಂಡನಿಗೆ ತಿಳಿಯದಂತೆ ಊಟದಲ್ಲೋ ಚಹಾದಲ್ಲೋ ಔಷಧ ಬೆರೆಸುವುದು. ಓಣಿಗೊಬ್ಬರು ಇದರ ಪಂಡಿತರಿರುತ್ತಾರೆ. ನಾನು ಅಕ್ಕಾರ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದ ವರ್ಷ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಮುರಗೆಪ್ಪನವರ ಹೆಂಡತಿ ರುಕ್ಮವ್ವ ಒಂದು ಮಧ್ಯಾಹ್ನ ಒಬ್ಬಳೇ ಬಂದು ಮೆಲ್ಲಗೆ ಕೇಳಿದಳು: "ಅಕ್ಕಾರ, ಗುಳಗಿ ಚಹಾದಾಗ ಹಾಕಿದ್ರ ರುಚಿ ಗೊತ್ತಾಗತೈತೇನ್ರಿ?"

ಕುಡಿತ ಬಿಡಿಸುವ ಗುಳಿಗೆಯನ್ನು ಅಂದು ಮುಂಜಾನೆಯೇ ಗಂಡನ ಚಹಾಕ್ಕೆ ಹಾಕಿ ಬಂದಿದ್ದಳು. ಆ ಗುಳಿಗೆ ಹೊಟ್ಟೆಯಲ್ಲಿರುವಾಗ ಶೆರೆ ಕುಡಿದರೆ ಜೀವಕ್ಕೇ ಅಪಾಯವೆಂಬುದು ಅವಳಿಗೆ ತಿಳಿದಿರಲಿಲ್ಲ. ಹಂಗಾಮಿನ ಕೊನೆಯ ಟ್ರಿಪ್ಪುಗಳ ಅವಸರದಲ್ಲಿ ಮುರಗೆಪ್ಪ ಒಂದಷ್ಟು ದಿನ ಕುಡಿದಿರಲಿಲ್ಲ; ಅಂದು ಸಂಜೆ ಉಗಾರದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರ ಊಟ. ಅಲ್ಲಿ ಕುಡಿಯದೆ ಎದ್ದವರುಂಟೆ? ಫೋನು ಹಚ್ಚಿದರೆ ಎತ್ತಲಿಲ್ಲ.

"ಅವರಿಗೆ ಹೇಳಬ್ಯಾಡ್ರಿ, ನನ್ನ ಬಿಡಾಂಗಿಲ್ಲ" ಎಂದು ರುಕ್ಮವ್ವ ಕೈಮುಗಿದಳು.

"ನಿನ್ನ ಗುಟ್ಟು ಇಡತೇನವ್ವಾ. ಆದ್ರ ಜೀವಾ ಹೋಗೂ ಗುಟ್ಟು ಇಡಾಕ ಬರೂದಿಲ್ಲ. ನೀನ ಹೇಳು, ನಾ ಬಾಜೂಕ ಕೂಡತೇನಿ" ಎಂದರು ಅಕ್ಕಾರು.

ಅಕ್ಕಾರು ಮೊದಲು ಮಾಡಿದ್ದು, ಅಲಖನೂರಿನಲ್ಲಿದ್ದ ರುಕ್ಮವ್ವನ ತಮ್ಮನನ್ನು ಉಗಾರಕ್ಕೆ ಕರೆಸಿದ್ದು. ಗಂಡ ಕೈಮಾಡಿದರೆ ಅವಳಿಗೊಂದು ಆಸರೆ ಬೇಕಲ್ಲ. ಕೇಂದ್ರದ ಡಾಕ್ಟರಿಗೆ ತಿಳಿಸಿ ಜೀಪು ಹತ್ತಿದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರಾಲಿಗಳು ಅಡ್ಡ.

ನಾವು ಅಲ್ಲಿಗೆ ಮುಟ್ಟಿದಾಗ ಮುರಗೆಪ್ಪನವರ ಕೈಯಲ್ಲಿ ಗ್ಲಾಸಿತ್ತು, ಇನ್ನೂ ತುಟಿಗೆ ಹೋಗಿರಲಿಲ್ಲ. ಅಕ್ಕಾರು ಅವರನ್ನು ಟ್ರ್ಯಾಕ್ಟರಿನ ಮರೆಗೆ ಕರೆದು, ರುಕ್ಮವ್ವನ ತಮ್ಮನನ್ನು ತುಸು ದೂರದಲ್ಲಿ ನಿಲ್ಲಿಸಿ, ಗಂಡಹೆಂಡಿರ ನಡುವೆ ತಾವು ಕುಳಿತರು. ರುಕ್ಮವ್ವ ನೆಲ ನೋಡುತ್ತಲೇ ಎಲ್ಲ ಹೇಳಿದಳು.

"ನಂಗ ವಿಷಾ ಹಾಕಿದೇನ?" ಮುರಗೆಪ್ಪ ಎದ್ದೇಬಿಟ್ಟರು. ಅಕ್ಕಾರು ಕುಳಿತಲ್ಲಿಂದ ಅಲುಗಲಿಲ್ಲ.

"ನಿಮಗ ಕೇಳದ ಹಾಕಿದ್ದು ತಪ್ಪರಿ. ಈಗ ಕುಡದ್ರ ಜೀವಕ್ಕ ಧೋಕಾ ಐತಿ. ಕುಡಿಯೂದು, ಬಿಡೂದು ನಿಮ್ಮ ಕೈಯಾಗಿಂದು."

ಅಕ್ಕಾರ ಉಪದೇಶ ಅಷ್ಟೇ. ಗ್ಯಾಂಗಿನವರು ಅತ್ತ ಕೂಗಿ ಕರೆಯುತ್ತಲೇ ಇದ್ದರು. ಕೊನೆಗೆ ಮುರಗೆಪ್ಪ ಗ್ಲಾಸನ್ನು ನೆಲಕ್ಕೆ ಚೆಲ್ಲಿ, ಹೆಂಡತಿಯತ್ತ ತಿರುಗಿ ಅಂದರು: "ಕೊಡೂದಿದ್ರ ಕೈಯಾಗ ಕೊಡು. ಕದ್ದು ಕೊಡಬ್ಯಾಡ."

ಆಮೇಲೆ ಡಾಕ್ಟರು ಪರೀಕ್ಷಿಸಿ, ತಿಳಿಸಿ ಹೇಳಿ ಬರೆದುಕೊಟ್ಟ ಗುಳಿಗೆಯನ್ನು ರುಕ್ಮವ್ವ ದಿನಾ ಮುಂಜಾನೆ ಗಂಡನ ಅಂಗೈಯಲ್ಲಿಟ್ಟಳು. ಎಲ್ಲ ಅಲ್ಲಿಗೆ ಸರಿಹೋಯಿತೆಂದರೆ ಸುಳ್ಳಾದೀತು. ಗುಳಿಗೆ ನಿಲ್ಲಿಸಿದ ಮೇಲೆ ಮುರಗೆಪ್ಪ ಮತ್ತೆ ಜಾರಿದರು. ಆಣೆಯಿಲ್ಲದ್ದರಿಂದ ನಾಚದೆ ತಾವಾಗಿಯೇ ಬಂದು ಅಕ್ಕಾರ ಎದುರು ಕುಳಿತರು. ಅಂದಿನಿಂದ ನಾನು ಅಕ್ಕಾರ ವಾದಕ್ಕೆ ಎದುರಾಡಿಲ್ಲ.

ಅಕ್ಕಾರಿಗೆ ದೀರ್ಘಾಯುಷ್ಯವಿರಲಿ; ನಿವೃತ್ತಿಯ ನೆಪ ಹೇಳದೆ ಕುಡಿತ ಬಿಟ್ಟವರು ಸೇರುವ ಶಿರಗುಪ್ಪಿಯ ಶನಿವಾರದ ಸಭೆಗೆ ಬರುತ್ತಲೇ ಇರಲಿ ಎಂದು ಮನಸಾರೆ ಹಾರೈಸುತ್ತೇನೆ. ಮೊನ್ನೆ ಬೀಳ್ಕೊಡುಗೆಯ ದಿನ ರುಕ್ಮವ್ವ ಎಲ್ಲರಿಗೂ ಚಹಾ ಮಾಡಿ ತಂದಿದ್ದಳು. ಮುರಗೆಪ್ಪ ಮೊದಲ ಕಪ್ಪನ್ನು ತಾವೇ ಕುಡಿದು, ಎರಡನೆಯದನ್ನು ಅಕ್ಕಾರ ಕೈಗಿಟ್ಟು ಅಂದರು:

"ಸಕ್ರಿ ಬಿಟ್ಟ ಏನೂ ಹಾಕಿಲ್ಲಂತರಿ. ಕೇಳೇನಿ."